ನೀರಗಂಟಿ ತಾತ ರಿಟೈರ್ ಆಗೋ ಮುಂಚೆ

ಕೋಲಾರ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಊರಿಗೆ ನೀರು ಬಿಡುವ ನಮ್ಮ ನೀರಗಂಟಿಗೆ 60 ತುಂಬಲು ಎಂಟು ತಿಂಗಳಿತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು, ನಾನೂ ಆ ಕಡೆ ತಲೆ ಹಾಕಿರಲಿಲ್ಲ.

ಒಂದು ವಾರ ಅವರು ಜ್ವರ ಬಂದು ಮಲಗಿದರು. ಮೇಲಿನ ಬೀದಿಗೆ ನೀರಿಲ್ಲ. ಯಾವ ವಾಲ್ವ್ ತಿರುಗಿಸಬೇಕು ಅಂತ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಕಿದರೆ, ಒಂದು ವಾಲ್ವ್ ತಿಪ್ಪೆಯ ಕೆಳಗಿತ್ತು! ಖಾಲಿ ಕೊಡ ಹಿಡಿದ ಹೆಂಗಸರು ನನ್ನನ್ನು ಸುಮ್ನೆ ಬಿಡುತ್ತಾರಾ?

ಆ ವಾರವೇ ಹೊಸ ನೀರಗಂಟಿಯ ನೇಮಕಕ್ಕೆ ಕಡತ ತೆರೆದೆ. ಪಂಚಾಯಿತಿ ಠರಾವು ಆಗಬೇಕು, ಜಿಲ್ಲಾ ಪಂಚಾಯಿತಿ ಸಿಇಒ ಅನುಮೋದನೆ ಬೇಕು. ಬೇಗ ಮುಗಿಯುವ ಕೆಲಸವಲ್ಲ.

ಬೋರ್ಡಿಗೆ ಅಂಟಿಸಿದ ಪ್ರಕಟಣೆಯನ್ನು ಯಾರೂ ಓದಲಿಲ್ಲ. ಹುಡುಗರು ಸಿಗುವುದು ಬೆಳಗ್ಗೆ ಹಾಲಿನ ಡೇರಿ ಹತ್ತಿರ, ನರಸಾಪುರದ ಫ್ಯಾಕ್ಟರಿ ಬಸ್ಸಿಗೆ ಕಾಯುವ ಜಾಗದಲ್ಲಿ. ಅಲ್ಲೇ ಹೋಗಿ ನಿಂತೆ.

"ಎಷ್ಟು ಕೊಡ್ತೀರಾ ಸಾರ್?" ಅಂದ ಒಬ್ಬ. ಹೇಳಿದೆ. ನಕ್ಕ. ಫ್ಯಾಕ್ಟರಿಯಲ್ಲಿ ಜಾಸ್ತಿ ಸಿಗುತ್ತದೆ, ನಿಜ. ಊರಲ್ಲೇ ಇರಬಹುದು, ಟೊಮೆಟೊ ತೋಟವನ್ನೂ ನೋಡಿಕೊಳ್ಳಬಹುದು ಅಂದೆ. ತ್ರೀ ಫೇಸ್ ಕರೆಂಟ್ ನಡುರಾತ್ರಿ ಬಂದರೆ ಆಗಲೇ ಎದ್ದು ಮೋಟರ್ ಹಾಕಬೇಕು ಅನ್ನುವುದನ್ನೂ ಮುಚ್ಚಿಡಲಿಲ್ಲ.

ಏಳು ಅರ್ಜಿ ಬಂದವು. ಜೊತೆಗೆ ಸದಸ್ಯರ "ನಮ್ಮ ಹುಡುಗ ಸಾರ್" ಫೋನುಗಳೂ ಬಂದವು. ಏಳೂ ಜನರಿಗೆ ಒಂದೇ ಮಾತು ಹೇಳಿದೆ: ನಾಳೆ ಬೆಳಗ್ಗೆ ಐದಕ್ಕೆ ತಾತನ ಜೊತೆ ಒಂದು ಸುತ್ತು ಹಾಕಿ, ಆಮೇಲೆ ಮಾತಾಡೋಣ. ಬಂದವರು ಮೂವರು. ಉಳಿದವರು ತಾವೇ ಅರ್ಜಿ ವಾಪಸ್ ಪಡೆದರು. ಈ ಮೂವರಲ್ಲಿ ಅಂಕ, ಮೀಸಲಾತಿ ನೋಡಿ ಪಟ್ಟಿ ಮಾಡಿದಾಗ ಮೊದಲು ಬಂದವನು ಐಟಿಐ ಓದಿದ ಹುಡುಗ. ಆವತ್ತು ಸ್ಟಾರ್ಟರ್ ಡಬ್ಬ ಮುಟ್ಟುವ ಮುಂಚೆ ಮೈನ್ ಆಫ್ ಮಾಡಿದ್ದು ಅವನೊಬ್ಬನೇ. ನನಗೆ ಒಳಗೊಳಗೇ ಖುಷಿ.

ಆದೇಶ ಬರುವ ಮುಂಚೆಯೇ ಅವನು ತಾತನ ಹಿಂದೆ ಓಡಾಡಲು ಶುರು ಮಾಡಿದ. ಕೈಯಲ್ಲಿ ಕೆಂಪು ಪೇಂಟ್ ಡಬ್ಬ. ತಾತ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಹೇಳುತ್ತಿದ್ದರು: "ಈ ವಾಲ್ವ್ ಏಳು ಸುತ್ತು ಕಣಯ್ಯ. ಎಂಟಾದರೆ ಕೆಳಗಿನ ಬೀದಿ ಪೈಪು ಕಿತ್ಕೊಂಡು ಹೋಗುತ್ತೆ." ಹುಡುಗ ಪಕ್ಕದ ಗೋಡೆ ಮೇಲೆ '7' ಅಂತ ಬರೆಯುತ್ತಿದ್ದ. ಈಗ ಊರಿನ ಗೋಡೆಗಳ ತುಂಬ ಇಂಥ ಅಂಕಿಗಳು. ಹೊಸಬರು ಮನೆ ನಂಬರ್ ಅಂದುಕೊಳ್ಳುತ್ತಾರೆ.

ನಮ್ಮ ಬಿಲ್ ಕಲೆಕ್ಟರ್ ರಿಟೈರ್ ಆಗಲು ಇನ್ನೆರಡು ವರ್ಷವಿದೆ. ಯಾವ ಮನೆಯವರು ಟೊಮೆಟೊ ರೇಟು ಬಂದಾಗ ಕಂದಾಯ ಕಟ್ಟುತ್ತಾರೆ, ಯಾರು ಬೈಸಿಕೊಂಡೇ ಕಟ್ಟುತ್ತಾರೆ ಅನ್ನುವುದೆಲ್ಲ ಅವರ ತಲೆಯಲ್ಲಿದೆ. ಅದನ್ನು ಯಾವ ಗೋಡೆ ಮೇಲೆ ಬರೆಸುವುದೋ!