ಕಾಲು ಕಿಲೋ ತಾಮ್ರದಲ್ಲಿ ಒಂದು ಆಂಟೆನಾ

ಕುವೆಂಪುನಗರದ ನಮ್ಮ ತಾರಸಿಯ ಮೇಲೆ ಇಪ್ಪತ್ತು ಮೀಟರ್ ತಂತಿ ಎಳೆದು, ತಿಂಗಳುಗಟ್ಟಲೆ ಕೂಡಿಟ್ಟ ಹಣದಲ್ಲಿ ಕೊಂಡ ಸಾಫ್ಟ್‌ವೇರ್ ರೇಡಿಯೊ ರಿಸೀವರ್‌ಗೆ ಜೋಡಿಸಿದ ಮೊದಲ ಸಂಜೆ ನನಗೆ ಕೇಳಿಸಿದ್ದು ಎರಡೇ: ನಮ್ಮ ಯುಪಿಎಸ್‌ನ ಗೊರಕೆ ಮತ್ತು ಎದುರು ಮನೆಯ ಎಲ್‌ಇಡಿ ದೀಪಗಳ ಗುಂಯ್. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಹೂಡಿದ ಊರು ಇದು. ಅವರ ಕಾಲದ ಮೈಸೂರಿನ ಆಕಾಶ ಎಷ್ಟು ನಿರ್ಮಲವಾಗಿದ್ದಿರಬೇಕು ಎಂದು ಅಂದು ಹೊಟ್ಟೆಕಿಚ್ಚುಪಟ್ಟೆ. ನಾನು ಮಾಡಿದ ತಪ್ಪು ಸರಳ. ಪೆಟ್ಟಿಗೆಗೆ ಹಣ ಸುರಿದೆ. ಆಂಟೆನಾ ಮತ್ತು ಜಾಗದ ಬಗ್ಗೆ ಯೋಚಿಸಲೇ ಇಲ್ಲ.

ಸಾಫ್ಟ್‌ವೇರ್ ರೇಡಿಯೊದಲ್ಲಿ ಸಂಕೇತವನ್ನು ಅಂಕಿಗಳಾಗಿ ಬದಲಿಸುವುದಷ್ಟೇ ಯಂತ್ರದ ಕೆಲಸ. ಕೇಂದ್ರವನ್ನು ಹುಡುಕುವುದು, ಸೋಸುವುದು, ಕೇಳಿಸುವುದು ಎಲ್ಲವನ್ನೂ ಕಂಪ್ಯೂಟರ್ ಲೆಕ್ಕದಲ್ಲೇ ಮಾಡುತ್ತದೆ. ಹಾಗಾಗಿ ಕೊಳ್ಳುವ ಮೊದಲು ಏನನ್ನು ಕೇಳಬೇಕೆಂದು ನಿರ್ಧರಿಸಿ. 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯಂಥ ಮಧ್ಯಮ ತರಂಗದ ಕೇಂದ್ರಗಳೇ? ಅಥವಾ ಅದಕ್ಕಿಂತ ಬಹಳ ಕೆಳಗೆ, 30 ಕಿಲೋಹರ್ಟ್ಸ್‌ಗೂ ಕೆಳಗಿನ ಲೋಕವೇ? ನನ್ನ ಸಲಹೆ ಎರಡನೆಯದು. ಅದೇ ಅಗ್ಗ, ಅದೇ ವಿಚಿತ್ರ.

ತಿರುನಲ್ವೇಲಿ ಜಿಲ್ಲೆಯಲ್ಲಿ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರವಿದೆ. ನೀರಿನಡಿ ಇರುವ ಜಲಾಂತರ್ಗಾಮಿಗಳಿಗೆ ಅದು 18.2 ಕಿಲೋಹರ್ಟ್ಸ್‌ನಲ್ಲಿ ಸಂದೇಶ ಕಳಿಸುತ್ತದೆ. ಸಮುದ್ರದ ಉಪ್ಪುನೀರಿನೊಳಗೆ ಕೆಲವು ಮೀಟರ್‌ಗಳಾದರೂ ಇಳಿಯಬಲ್ಲದ್ದು ಇಂಥ ನಿಧಾನವಾಗಿ ಕಂಪಿಸುವ ಅಲೆ ಮಾತ್ರ. ಸಂದೇಶ ಗೂಢಲಿಪಿಯಲ್ಲಿರುತ್ತದೆ, ಅದು ನಮಗೆ ಬೇಕಾಗಿಯೂ ಇಲ್ಲ. ನಮಗೆ ಬೇಕಾದದ್ದು ಆ ಅಲೆಯ ಬಲ. ಹೊತ್ತು ಹುಟ್ಟುವಾಗ, ಮುಳುಗುವಾಗ ವಾತಾವರಣದ ಎತ್ತರದಲ್ಲಿ ರೇಡಿಯೊ ಅಲೆಗಳನ್ನು ಹಿಂದಿರುಗಿಸುವ ಅಯಾನುಗೋಳದ ಕೆಳಪದರ ಬದಲಾಗುತ್ತದೆ, ಅದರೊಂದಿಗೆ ಈ ಬಲವೂ ಏರಿಳಿಯುತ್ತದೆ. ಸೂರ್ಯನಲ್ಲಿ ಸ್ಫೋಟವಾದರೆ ಹಗಲಲ್ಲೇ ದಿಢೀರನೆ ನೆಗೆಯುತ್ತದೆ ಇಲ್ಲವೇ ಕುಸಿಯುತ್ತದೆ. ಒಂದು ದಿನ ಕೇಂದ್ರ ಮೌನವಾಗಿದ್ದರೆ ಆಸ್ಟ್ರೇಲಿಯಾದ ವಾಯವ್ಯ ತುದಿಯಿಂದ 19.8 ಕಿಲೋಹರ್ಟ್ಸ್‌ನಲ್ಲಿ ಬರುವ ಅಲೆಯನ್ನು ಹುಡುಕಿ.

ಪೆಟ್ಟಿಗೆ ಯಾವುದು?

ಇಷ್ಟಕ್ಕೆ ರಿಸೀವರ್ ಬೇಡ. ಲ್ಯಾಪ್‌ಟಾಪ್‌ನ ಸೌಂಡ್ ಕಾರ್ಡ್ ಸಾಕು. ಸೆಕೆಂಡಿಗೆ 48,000 ಬಾರಿ ಅಳೆಯುವ ಕಾರ್ಡ್ ಅದರ ಅರ್ಧದವರೆಗೆ, ಅಂದರೆ 24 ಕಿಲೋಹರ್ಟ್ಸ್‌ವರೆಗೆ ನೋಡಬಲ್ಲದು. 1,92,000 ಬಾರಿ ಅಳೆಯುವ ಯುಎಸ್‌ಬಿ ಕಾರ್ಡ್ ಆದರೆ 96ರವರೆಗೆ. ಬರುವ ಅಲೆಗಳನ್ನು ಪರದೆಯ ಮೇಲೆ ಪಟ್ಟೆಗಳಾಗಿ ತೋರಿಸುವ, ಉಚಿತವಾಗಿ ಸಿಗುವ ಸ್ಪೆಕ್ಟ್ರಮ್ ಲ್ಯಾಬ್ ತಂತ್ರಾಂಶವನ್ನು ಹಾಕಿಕೊಳ್ಳಿ.

ಮಧ್ಯಮ ತರಂಗವೂ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಎಲ್ಲರೂ ಮೊದಲು ಕೊಳ್ಳುವ, ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಆದ ಆರ್‌ಟಿಎಲ್ ಡಾಂಗಲ್‌ನ ಟ್ಯೂನರ್ ಸುಮಾರು 24 ಮೆಗಾಹರ್ಟ್ಸ್‌ಗಿಂತ ಕೆಳಗೆ ಕಿವುಡು. ಹೊಸ ಮಾದರಿಗಳಲ್ಲಿ ಅಡ್ಡದಾರಿಯ ವ್ಯವಸ್ಥೆ ಇದ್ದರೂ, ಎಂಟೇ ಬಿಟ್‌ಗಳ ಒರಟು ಅಳತೆಯಾದ್ದರಿಂದ ದೊಡ್ಡ ದನಿಯ ಪಕ್ಕದಲ್ಲಿ ಸಣ್ಣ ದನಿ ಸತ್ತೇಹೋಗುತ್ತದೆ. 14 ಬಿಟ್‌ನ ಎಸ್‌ಡಿಆರ್‌ಪ್ಲೇ ಆರ್‌ಎಸ್‌ಪಿ ಸರಣಿಯದ್ದಾಗಲಿ, ಏರ್‌ಸ್ಪೈ ಎಚ್‌ಎಫ್ ಪ್ಲಸ್ ಆಗಲಿ ಈ ಕೆಲಸಕ್ಕೆ ತಕ್ಕವು. ಪ್ರಸಾರವನ್ನೂ ಮಾಡಬಲ್ಲ ಪೆಟ್ಟಿಗೆಗಳ ಆಸೆ ಬಿಡಿ. ಪ್ರಸಾರಕ್ಕೆ ಪರವಾನಗಿ ಬೇಕು.

ಸುರುಳಿ ಸುತ್ತುವುದು

18.2 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಹದಿನಾರೂವರೆ ಕಿಲೋಮೀಟರ್. ಹೆಚ್ಚುಕಡಿಮೆ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ. ಪುಸ್ತಕದ ಲೆಕ್ಕದಂತೆ ಅದರ ಕಾಲುಭಾಗ ಉದ್ದದ ತಂತಿ ಎತ್ತಿ ನಿಲ್ಲಿಸಲು ಹೊರಟರೆ ಚಾಮುಂಡಿಬೆಟ್ಟವೂ ಸಾಲದು. ಅದೃಷ್ಟಕ್ಕೆ ಅದು ಬೇಕಿಲ್ಲ. ಇಷ್ಟು ಕೆಳಗೆ ಮಿಂಚಿನ ಗದ್ದಲವೇ ವಿಪರೀತ. ದೊಡ್ಡ ಆಂಟೆನಾ ಸಂಕೇತದ ಜೊತೆ ಗದ್ದಲವನ್ನೂ ಅಷ್ಟೇ ಹೆಚ್ಚಿಸುತ್ತದೆ. ಸಣ್ಣ ಸುರುಳಿಗಾದರೆ ಇನ್ನೊಂದು ಗುಣವಿದೆ: ಅದನ್ನು ತಿರುಗಿಸಿ ಗದ್ದಲಕ್ಕೆ ಬೆನ್ನು ಮಾಡಬಹುದು.

ನಾಲ್ಕೂವರೆ ಅಡಿಯ ಎರಡು ರೀಪರ್ ಪಟ್ಟಿಗಳನ್ನು ಗಾಳಿಪಟದ ಕಡ್ಡಿಗಳಂತೆ ಅಡ್ಡಡ್ಡ ಕಟ್ಟಿ. ತುದಿಗಳಲ್ಲಿ ಗರಗಸದಿಂದ ಸಣ್ಣ ಕಚ್ಚು ಕೊಯ್ಯಿರಿ. ಈಗ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ. ಮಂಡ್ಯದ ಕಡೆ ಅದಕ್ಕೇನೂ ಬರವಿಲ್ಲ. 25 ಗೇಜಿನ ಎನಾಮಲ್ ತಾಮ್ರದ ತಂತಿ ಕಾಲು ಕಿಲೋ ಕೇಳಿ. ಯಾವ ಮೋಟಾರಿಗೆಂದು ಕೇಳಿದರೆ ಏನು ಹೇಳುವಿರೋ ನಿಮಗೆ ಬಿಟ್ಟದ್ದು. ನಾನು ನಿಜ ಹೇಳಿ ಅರ್ಧ ಗಂಟೆ ಕಳೆದೆ, ಒಂದು ಲೋಟ ಟೀ ಸಿಕ್ಕಿತು.

ಕಚ್ಚುಗಳೊಳಗೆ ಮೂವತ್ತು ಸುತ್ತು ಬಿಗಿಯಾಗಿ ಸುತ್ತಿ. ಎರಡು ತುದಿಗಳ ಎನಾಮಲ್ ಕೆರೆದು, ಅವುಗಳ ನಡುವೆ 22 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಬೆಸೆಯಿರಿ. ಸುರುಳಿ 18 ಕಿಲೋಹರ್ಟ್ಸ್‌ನ ಆಸುಪಾಸಿಗೆ ಶ್ರುತಿಗೊಳ್ಳುತ್ತದೆ. ಸುತ್ತಿದ ಕೈಗೆ ತಕ್ಕಂತೆ ವ್ಯತ್ಯಾಸ ಇದ್ದೇ ಇರುತ್ತದೆ, ಒಂದೆರಡು ಸಣ್ಣ ಕೆಪಾಸಿಟರ್ ಸೇರಿಸಿ ತೆಗೆದು ನೋಡಿ. ಅಲ್ಲಿಂದ ಕವಚವಿರುವ ತಂತಿಯಲ್ಲಿ ಮೈಕ್ ಸಾಕೆಟ್‌ಗೆ. ನಡುವೆ ಸರಣಿಯಲ್ಲಿ ಒಂದು ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ, ಮೈಕ್‌ಗೆಂದು ಬರುವ ವೋಲ್ಟೇಜನ್ನು ಅದು ತಡೆಯುತ್ತದೆ.

ಜಾಗ ಮತ್ತು ಹೊತ್ತು

ಊರೊಳಗೆ ಬೇಡ. ನಾನು ಮದ್ದೂರಿನ ಬಳಿ ಅಕ್ಕನ ಮನೆಯ ಕಬ್ಬಿನ ಗದ್ದೆಯ ಬದುವಿಗೆ ಒಯ್ದೆ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಚಾರ್ಜರ್‌ಗಿಂತ ಕೆಟ್ಟ ನೆರೆಯವನಿಲ್ಲ. ಕರೆಂಟ್ ಹೋದ ಗಳಿಗೆಯನ್ನು ಹಳ್ಳಿಯಲ್ಲಿ ಎಲ್ಲರೂ ಶಪಿಸುವಾಗ ನೀವೊಬ್ಬರು ಖುಷಿಪಡಬಹುದು.

ಸುರುಳಿಯ ಅಂಚು ನೋಡುವ ದಿಕ್ಕಿನಿಂದ ಅದಕ್ಕೆ ಚೆನ್ನಾಗಿ ಕೇಳಿಸುತ್ತದೆ. ತಿರುನಲ್ವೇಲಿ ನಮಗೆ ಬಹುಪಾಲು ನೇರ ದಕ್ಷಿಣ, ಆದ್ದರಿಂದ ಚೌಕಟ್ಟನ್ನು ಉತ್ತರ-ದಕ್ಷಿಣವಾಗಿ ನಿಲ್ಲಿಸಿ. ಪರದೆಯಲ್ಲಿ 18.2ರ ಬಳಿ ಮೇಲಿಂದ ಕೆಳಗೆ ಇಳಿಯುವ ಒಂದು ಪಟ್ಟೆ ಕಂಡರೆ ಚೌಕಟ್ಟನ್ನು ಪೂರ್ವ-ಪಶ್ಚಿಮಕ್ಕೆ ತಿರುಗಿಸಿ. ಪಟ್ಟೆ ಮಸುಕಾದರೆ ಅದು ದೂರದ ಕೇಂದ್ರವೇ. ಮಸುಕಾಗದೆ, ಲ್ಯಾಪ್‌ಟಾಪನ್ನು ದೂರ ಸರಿಸಿದಾಗ ಮಾತ್ರ ಮಾಯವಾದರೆ ಅದು ಲ್ಯಾಪ್‌ಟಾಪ್‌ನದೇ ಕೂಗು.

ರಾತ್ರಿಯಾದ ಮೇಲೆ ಶ್ರುತಿಯ ಕೆಪಾಸಿಟರ್‌ಗಳನ್ನು ತೆಗೆದು (ಸರಣಿಯದ್ದು ಹಾಗೇ ಇರಲಿ) ಎರಡು ಕಿಲೋಹರ್ಟ್ಸ್ ಸುತ್ತಮುತ್ತ ಕಿವಿಗೊಡಿ. ದೂರದ ಮಿಂಚುಗಳ ಅಲೆ ನೆಲಕ್ಕೂ ಅಯಾನುಗೋಳಕ್ಕೂ ನಡುವೆ ಬಡಿದಾಡುತ್ತಾ ಬಂದು ‘ಟ್ವೀಂವ್’ ಎಂದು ಎಳೆಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಇದು ಧಾರಾಳ. ಆದರೆ ಗುಡುಗು ನಿಮ್ಮ ಕಿವಿಗೇ ಕೇಳಿಸುವಷ್ಟು ಹತ್ತಿರವಾದರೆ ಎಲ್ಲ ಕಳಚಿ ಮನೆಯೊಳಗೆ ನಡೆಯಿರಿ. ಸೆಕೆಂಡಿಗೊಂದರಂತೆ ಗಡಿಯಾರ ಹಿಡಿದ ಹಾಗೆ ‘ಟಕ್’ ‘ಟಕ್’ ಎಂದರೆ ಮಾತ್ರ ಅದು ಮಿಂಚಲ್ಲ. ಹತ್ತಿರದಲ್ಲೆಲ್ಲೋ ಹಂದಿ ತಡೆಯಲು ಸೌರ ಬೇಲಿ ಹಾಕಿದ್ದಾರೆ. ಇನ್ನೊಂದು ಬದು ನೋಡಿಕೊಳ್ಳಿ.