ಮಂಗಳೂರಿಂದ ಥಾಯ್ಲೆಂಡಿನ ರೈಲೇ ಬಂಡೆಗೆ: ಹಗ್ಗ ಹಿಡಿಯೋರು ಮೊದಲು, ಟಿಕೆಟ್ ಆಮೇಲೆ

ನಮ್ಮ ಮಂಗಳೂರು ಉಡುಪಿ ಕಡೆಯವರು ಥಾಯ್ಲೆಂಡಿಗೆ ಹೋಗೋದು ಈಗ ದೊಡ್ಡ ಸುದ್ದಿಯಲ್ಲ, ಆದ್ರೆ ಪಟ್ಟಾಯ, ಫುಕೆಟ್ ಸುತ್ತಿ ಬರೋದು ಬೇರೆ, ಕ್ರಾಬಿ ಪ್ರಾಂತ್ಯದ ರೈಲೇ ಅನ್ನುವ ಕಡಲ ತೀರದಲ್ಲಿ ಸುಣ್ಣಕಲ್ಲಿನ ಗೋಡೆ ಹತ್ತಿ ಬರೋದೇ ಬೇರೆ. ಮರಳು ಮುಗಿದಲ್ಲಿಂದ್ಲೇ ಬಂಡೆ ನೆಟ್ಟಗೆ ಮೇಲೆ ಹೋಗಿರ್ತದೆ, ಅದರಲ್ಲಿ ತೂತು, ಬಿರುಕು, ಕೆಳಗೆ ಇಳಿಬಿದ್ದ ಸುಣ್ಣದ ಕೋಡುಗಳು, ಅವನ್ನೇ ಹಿಡ್ಕೊಂಡು ಹತ್ತೋದು. ಹೊಸಬರಿಗೂ ದಾರಿ ಉಂಟು, ಪಳಗಿದವರಿಗೂ ಉಂಟು.

ನಾಲ್ಕೈದು ಜನ ಫ್ರೆಂಡ್ಸ್ ಸೇರಿ ಹೋಗೋ ಪ್ಲಾನ್ ಹಾಕುವಾಗ ಎಲ್ರೂ ಮೊದಲು ಮಾಡೋದು ವಾಟ್ಸಾಪ್ ಗ್ರೂಪ್, ಆಮೇಲೆ ಫ್ಲೈಟ್ ರೇಟ್ ನೋಡೋದು. ನಾನು ಹೇಳೋದು, ಅದನ್ನು ಕೊನೆಗೆ ಇಡಿ. ಯಾರ ಹಗ್ಗ ಯಾರು ಹಿಡೀತಾರೆ ಅನ್ನೋದು ಮೊದಲು ಗೊತ್ತಾಗ್ಬೇಕು.

ಮೊದಲ ಕೆಲಸ: ಜೋಡಿ ಮಾಡ್ಕೊಳ್ಳೋದು

ಹಗ್ಗ ಕಟ್ಟಿ ಹತ್ತುವಾಗ ಕೆಳಗೆ ನಿಂತು ಹಗ್ಗ ಬಿಡೋದು, ಎಳಿಯೋದು, ಬಿದ್ರೆ ಹಿಡಿಯೋದು, ಈ ಕೆಲಸಕ್ಕೆ ಬಿಲೇ ಅಂತ ಹೆಸ್ರು. ಹತ್ತುವವನ ಜೀವ ಪೂರ್ತಿ ಇವನ ಕೈಯಲ್ಲೇ ಇರ್ತದೆ. ಹಾಗಾಗಿ ಗ್ರೂಪಲ್ಲಿ ಯಾರು ಚೆನ್ನಾಗಿ ಹತ್ತುತ್ತಾರೆ ಅನ್ನೋದಕ್ಕಿಂತ ಯಾರು ಗಮನ ಕೊಟ್ಟು ಬಿಲೇ ಮಾಡ್ತಾರೆ ಅಂತ ನೋಡಿ. ಫೋನ್ ನೋಡ್ತಾ ಒಂದು ಕೈಯಲ್ಲಿ ಹಗ್ಗ ಹಿಡಿಯುವವರು ಎಷ್ಟೇ ಒಳ್ಳೆ ಫ್ರೆಂಡ್ ಆದ್ರೂ ಬಿಲೇಗೆ ಬೇಡ, ಅವರು ಫೋಟೋ ತೆಗೀಲಿ, ಈಜಲಿ, ಟ್ರಿಪ್ಪಿಗೆ ಬರ್ಲಿ, ತೊಂದ್ರೆ ಇಲ್ಲ.

ನಾಲ್ಕು ಜನ ಅಥವಾ ಆರು ಜನ ಆದ್ರೆ ಸುಲಭ, ಇಬ್ಬಿಬ್ಬರ ಜೋಡಿ ಆಗ್ತದೆ. ಜೋಡಿ ಮಾಡುವಾಗ ತೂಕ ನೋಡಿ. ಹತ್ತುವವರು 85 ಕೆ.ಜಿ., ಹಗ್ಗ ಹಿಡಿದವರು 55 ಕೆ.ಜಿ. ಆದ್ರೆ ಮೇಲಿಂದ ಬಿದ್ದಾಗ ಕೆಳಗಿದ್ದವರು ಗಾಳಿಯಲ್ಲಿ ಮೇಲೆ ಹೋಗಿ ಬಂಡೆಗೆ ಬಡೀತಾರೆ, ಆ ಗಾಬರಿಗೆ ಕೈ ಬಿಟ್ಟರೆ ಕಥೆ ಮುಗೀತು.

ಇನ್ನೊಂದು, ಕೂಗಿ ಹೇಳುವ ಮಾತುಗಳನ್ನು ಊರಲ್ಲೇ ಫಿಕ್ಸ್ ಮಾಡ್ಕೊಳ್ಳಿ. 'ಟೇಕ್' ಅಂದ್ರೆ ಹಗ್ಗ ಬಿಗಿ ಮಾಡು, 'ಸ್ಲ್ಯಾಕ್' ಅಂದ್ರೆ ಸಡಿಲ ಬಿಡು, 'ಲೋವರ್' ಅಂದ್ರೆ ಇಳಿಸು. ತುಳುವಲ್ಲೋ ಕನ್ನಡದಲ್ಲೋ ಹೇಳ್ಕೊಂಡ್ರೂ ಅಡ್ಡಿಯಿಲ್ಲ, ಆದ್ರೆ ಹೆಸರು ಸೇರಿಸಿ ಕೂಗಿ, ಯಾಕಂದ್ರೆ ರೈಲೇಯಲ್ಲಿ ಒಂದೇ ಗೋಡೆಯಲ್ಲಿ ನಾಲ್ಕೈದು ಟೀಮ್ ಒಟ್ಟಿಗೆ ಇರ್ತಾವೆ, ಪಕ್ಕದವನ 'ಲೋವರ್' ಕೇಳಿ ನಿಮ್ಮವರನ್ನು ಇಳಿಸಿಬಿಟ್ರೆ?

ಊರಲ್ಲೇ ಕೈ ಪಳಗಿಸಿ

ನಮ್ಮಲ್ಲಿ ಇಷ್ಟು ಬಂಡೆ ಇರುವಾಗ ಮೊದಲ ಪಾಠ ಅಲ್ಲಿ ಹೋಗಿ ಕಲಿಯೋದು ಯಾಕೆ? ಹಗ್ಗದ ಕ್ಲೈಂಬಿಂಗಿಗೆ ಬಾದಾಮಿ. ಕೆಂಪು ಮರಳುಗಲ್ಲು, ಹಗ್ಗ ಸಿಕ್ಕಿಸ್ಲಿಕ್ಕೆ ಬಂಡೆಗೆ ಬೋಲ್ಟ್ ಹಾಕಿದ ರೂಟ್, ಅಂದ್ರೆ ಹತ್ತುವ ದಾರಿ, ಬೇಕಾದಷ್ಟು, ಮಂಗಳೂರಿಂದ ವಿಜಯಪುರಕ್ಕೆ ಹೋಗುವ ರೈಲಲ್ಲಿ ಕೂತ್ರೆ ಬಾದಾಮಿಯಲ್ಲೇ ಇಳೀಬಹುದು. ಹಗ್ಗ ಇಲ್ಲದೆ ಸಣ್ಣ ಬಂಡೆ ಹತ್ತುವ ಬೌಲ್ಡರಿಂಗಿಗೆ ಹಂಪಿ, ಅದು ಗ್ರಾನೈಟ್, ಬೆರಳ ಚರ್ಮ ಎರಡೇ ದಿನಕ್ಕೆ ಕಿತ್ತು ಬರ್ತದೆ. ಆನೆಗುಂದಿ, ಸಾಣಾಪುರ ಕಡೆ ಬಿದ್ದಾಗ ಪೆಟ್ಟಾಗದ ಹಾಗೆ ಕೆಳಗೆ ಹಾಸುವ ಕ್ರ್ಯಾಶ್ ಪ್ಯಾಡ್ ಬಾಡಿಗೆಗೆ ಸಿಗ್ತದೆ, ಸ್ಮಾರಕ ಇರುವ ಕಲ್ಲನ್ನು ಮಾತ್ರ ಮುಟ್ಟಬೇಡಿ. ಸರಿಯಾಗಿ ಕೋರ್ಸ್ ಮಾಡುವ ಮನಸ್ಸಿದ್ರೆ ಬೆಂಗಳೂರಲ್ಲಿ ಸರಕಾರದ್ದೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಉಂಟು, ಕಂಠೀರವ ಸ್ಟೇಡಿಯಂನಲ್ಲಿ ಕ್ಲೈಂಬಿಂಗ್ ವಾಲ್ ಕೂಡ ಉಂಟು.

ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆಯಲ್ಲಿ ಬಂಡೆ ಮರ್ತುಬಿಡಿ, ಆ ಹೊತ್ತಲ್ಲಿ ಮನೆಯಲ್ಲಿ ಗಂಟು ಕಟ್ಟಿ ಅಭ್ಯಾಸ ಮಾಡಿ. ಹಗ್ಗವನ್ನು ಸೊಂಟದ ಪಟ್ಟಿಗೆ ಕಟ್ಟುವ ಫಿಗರ್ ಎಯ್ಟ್ ಗಂಟು ಕಣ್ಣು ಮುಚ್ಚಿ ಕಟ್ಟುವಷ್ಟು ಬರ್ಬೇಕು, ಕಟ್ಟಿದ ಮೇಲೆ ನೋಡಿ, ಎರಡೆರಡು ಎಳೆ ಒಂದರ ಪಕ್ಕ ಒಂದು ಸಮ ಹೋಗಿದೆಯಾ, ಎಲ್ಲೂ ಅಡ್ಡ ದಾಟಿಲ್ವಾ, ಬಾಲ ಒಂದು ಗೇಣಾದ್ರೂ ಉಳಿದಿದೆಯಾ ಅಂತ. ನಿಮ್ಮದು ನೀವು ನೋಡಿದ್ದು ಸಾಲದು, ಜೋಡಿಯವರು ಕೈ ಹಾಕಿ ನೋಡ್ಬೇಕು, ಅವರ ಬಿಲೇ ಡಿವೈಸ್, ಅಂದ್ರೆ ಹಗ್ಗ ಹಾಯಿಸಿ ತಡೆಯುವ ಸಾಧನ, ನೀವು ಎಳೆದು ನೋಡ್ಬೇಕು. ಪ್ರತೀ ಸಲ.

ಯಾವಾಗ, ಹೇಗೆ

ರೈಲೇಯಲ್ಲಿ ನವೆಂಬರಿಂದ ಏಪ್ರಿಲ್ ತನಕ ಒಣ ಸೀಸನ್, ಅದರಲ್ಲೂ ಡಿಸೆಂಬರಿಂದ ಫೆಬ್ರವರಿ ಒಳ್ಳೇದು, ರಶ್ ಕೂಡ ಆಗಲೇ. ಮೇಯಿಂದ ಅಕ್ಟೋಬರ್ ಅಲ್ಲೂ ಮಳೆ. ಬೆಂಗಳೂರು ಅಥವಾ ಮುಂಬೈಗೆ ಹೋಗಿ ಅಲ್ಲಿಂದ ಬ್ಯಾಂಕಾಕ್ ಅಥವಾ ಫುಕೆಟ್, ಮತ್ತೆ ಕ್ರಾಬಿ. ಫುಕೆಟಿಂದ ಕ್ರಾಬಿಗೆ ರಸ್ತೆಯಲ್ಲಿ ಮೂರು ಗಂಟೆ ಹತ್ತಿರ. ವೀಸಾ ನಿಯಮ ಆಗಾಗ ಬದಲಾಗ್ತದೆ, ಟಿಕೆಟ್ ಮಾಡುವ ಮೊದಲು ಥಾಯ್ ರಾಯಭಾರ ಕಚೇರಿಯ ಸೈಟ್ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ, ಅದನ್ನು ಆನ್‌ಲೈನಲ್ಲಿ ಹೊರಡುವ ಮೊದಲೇ ತುಂಬಿಸಿ, ದುಡ್ಡು ಕೇಳುವ ಸೈಟಿಗೆ ಹೋಗ್ಬೇಡಿ, ಸರಕಾರಿ ಸೈಟಲ್ಲಿ ಫ್ರೀ.

ಇನ್ಶೂರೆನ್ಸ್ ಬಗ್ಗೆ ಮಾತ್ರ ನಿಧಾನ ಮಾಡಿ. ಮಾಮೂಲಿ ಟ್ರಾವೆಲ್ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಹೊರಗಿರೋದೇ ಹೆಚ್ಚು, ರಾಕ್ ಕ್ಲೈಂಬಿಂಗ್ ಸೇರಿದೆಯಾ ಅಂತ ಬರಹದಲ್ಲಿ ಕೇಳಿ ತಗೊಳ್ಳಿ. ರೈಲೇಗೆ ರಸ್ತೆಯೇ ಇಲ್ಲ, ಸುತ್ತ ಬಂಡೆ, ಎದುರು ಸಮುದ್ರ. ಕಾಲು ಮುರಿದ್ರೆ ದೋಣಿಯಲ್ಲೇ ಕ್ರಾಬಿ ಕಡೆ ಸಾಗಿಸ್ಬೇಕು.

ಬ್ಯಾಗಲ್ಲಿ ಎಂತ ಇರ್ಬೇಕು

ಶೂ, ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್ ಸ್ವಂತದ್ದು ಇರ್ಲಿ. ಇಡೀ ಗ್ರೂಪಿಗೆ 70 ಮೀಟರಿನ ಡೈನಮಿಕ್ (ಹಿಗ್ಗುವ) ಹಗ್ಗ ಎರಡು, ಹನ್ನೆರಡರಿಂದ ಹದಿನೈದು ಕ್ವಿಕ್‌ಡ್ರಾ ಇರುವ ಸೆಟ್ ಎರಡು ಸಾಕು, ಕ್ವಿಕ್‌ಡ್ರಾ ಅಂದ್ರೆ ಪಟ್ಟಿಯ ಎರಡೂ ತುದಿಗೆ ಕೊಕ್ಕೆ, ಒಂದು ಬೋಲ್ಟಿಗೆ, ಒಂದು ಹಗ್ಗಕ್ಕೆ. ನಿಮ್ಮ ಹತ್ರ ಹಗ್ಗ ಇಲ್ಲದಿದ್ರೆ ಅಲ್ಲಿನ ಕ್ಲೈಂಬಿಂಗ್ ಸ್ಕೂಲುಗಳಲ್ಲಿ ಪೂರ್ತಿ ಸೆಟ್ ಬಾಡಿಗೆಗೆ ಸಿಗ್ತದೆ. ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ, ದೋಣಿ ಕಟ್ಟುವ ಹಗ್ಗ ಇದಕ್ಕೆ ಆಗೋದಿಲ್ಲ ಮಾರ್ರೆ, ಬಿದ್ದಾಗ ಎಳೆದು ಹಿಗ್ಗುವ ಗುಣ ಇದ್ರೆ ಮಾತ್ರ ಸೊಂಟ ಉಳೀತದೆ. ಲೋಹದ ಸಾಮಾನೆಲ್ಲ ಚೆಕ್ ಇನ್ ಬ್ಯಾಗಿಗೆ ಹಾಕಿ. ಕೈ ಜಾರದ ಹಾಗೆ ಹಚ್ಚುವ ಚಾಕ್ ಕೂಡ ಅದರಲ್ಲೇ, ಬಿಳಿ ಪುಡಿ ಕ್ಯಾಬಿನ್ ಬ್ಯಾಗಲ್ಲಿದ್ರೆ ಸೆಕ್ಯೂರಿಟಿಯವರಿಗೆ ವಿವರಿಸ್ತಾ ನಿಲ್ಲಬೇಕಾಗ್ತದೆ. ಪವರ್ ಬ್ಯಾಂಕ್ ಕೈ ಬ್ಯಾಗಲ್ಲಿ.

ಅಲ್ಲಿ ಮುಟ್ಟಿದ ಮೇಲೆ

ಕ್ರಾಬಿ ಕಡೆಯ ಆವೊ ನಾಂಗ್ ತೀರದಿಂದ ಉದ್ದ ಬಾಲದ ಮೋಟಾರ್ ದೋಣಿಯಲ್ಲಿ ಹತ್ತು ಹದಿನೈದು ನಿಮಿಷಕ್ಕೆ ರೈಲೇ ಪಶ್ಚಿಮಕ್ಕೆ ಮುಟ್ತೀರಿ, ಜನ ತುಂಬದೆ ದೋಣಿ ಬಿಡೋದಿಲ್ಲ, ಲಗೇಜ್ ಹೊತ್ತು ನೀರಿಗಿಳಿದು ಹತ್ತಬೇಕಾಗ್ತದೆ, ನಮಗೆ ಇದೇನು ಕಷ್ಟ ಅಲ್ಲ. ಪೂರ್ವದ ಬದಿಯಲ್ಲಿ ಕಾಂಡ್ಲಾ ಗಿಡ, ಇಳಿತದ ಹೊತ್ತಲ್ಲಿ ಕೆಸರು. ಪಕ್ಕದ ಟೊನ್ಸಾಯ್ ಬೀಚಿಗೆ ನೀರು ಇಳಿದಾಗ ಕಲ್ಲು ಸುತ್ತಿ ನಡೀಬಹುದು, ಏರಿದ್ರೆ ಕಾಡಿನ ದಾರಿ. ಭರತ ಇಳಿತದ ಟೈಮ್ ದಿನಾ ನೋಡ್ಕೊಳ್ಳಿ.

ಹೊಸಬರು ರೈಲೇ ಪೂರ್ವದ 1-2-3 ವಾಲ್ ಅನ್ನುವ ಗೋಡೆಯಿಂದ ಶುರು ಮಾಡಿ. ಸುಲಭದ ರೂಟ್ ಜಾಸ್ತಿ, ಆದ್ರೆ ಸಾವಿರಾರು ಜನ ಹತ್ತಿ ಹತ್ತಿ ಹಿಡಿಕೆಗಳು ನುಣುಪಾಗಿವೆ, ಬೆವರಿದ ಕೈ ಜಾರ್ತದೆ. ರೂಟ್ ಎಷ್ಟು ಕಷ್ಟ ಅಂತ ಹೇಳ್ಲಿಕ್ಕೆ ಅಲ್ಲಿ ಫ್ರೆಂಚ್ ಗ್ರೇಡ್, ಅಂದ್ರೆ 5, 6ಎ, 6ಬಿ ಹೀಗೆ ಕಷ್ಟ ಏರ್ತಾ ಹೋಗ್ತದೆ. ಬಾದಾಮಿಯಲ್ಲಿ ನೀವು ಹತ್ತಿದ್ದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗಿನ ಗ್ರೇಡಿಂದ ಮೊದಲ ದಿನ ಆಡಿ. ಒಂದು ದಿನಕ್ಕಾದ್ರೂ ಅಲ್ಲಿನ ಗೈಡ್ ತಗೊಳ್ಳಿ, ಯಾವ ಗೋಡೆಗೆ ಯಾವಾಗ ನೆರಳು, ಯಾವ ಬೋಲ್ಟ್ ನಂಬಬಹುದು ಅಂತ ಅವರಿಗೆ ಗೊತ್ತಿರ್ತದೆ.

ಈ ಬೋಲ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಉಳ್ಳಾಲ, ಮಲ್ಪೆ ಕಡೆ ಸಮುದ್ರದ ಬದಿ ಮನೆಗಳ ಕಿಟಕಿ ಸರಳು ಏನಾಗ್ತದೆ ಅಂತ ನಾವೆಲ್ಲ ನೋಡಿದವರು. ರೈಲೇಯಲ್ಲೂ ಉಪ್ಪು ಗಾಳಿ, ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಕೂಡ ಉಳಿಯೋದಿಲ್ಲ, ಉಪ್ಪು ಸೇರಿ ಲೋಹದ ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಒಂದು ದಿನ ಸಣ್ಣ ಎಳೆತಕ್ಕೇ ತುಂಡಾಗ್ತದೆ. ಅದಕ್ಕೆ ಅಲ್ಲಿ ಟೈಟಾನಿಯಂ ಬೋಲ್ಟನ್ನು ತೂತಿಗೆ ಅಂಟು ಹಾಕಿ ಕೂರಿಸಿದ್ದಾರೆ. ಬೂದು ಬಣ್ಣ, ನಟ್ ಇರೋದಿಲ್ಲ, ಬಂಡೆಯಿಂದ ಒಂದು ಕಣ್ಣು ಮಾತ್ರ ಹೊರಗೆ ಕಾಣ್ತದೆ. ನಟ್ ಇರುವ, ಸುತ್ತ ಕಂದು ಕಲೆ ಇಳಿದ ಹಳೇ ಬೋಲ್ಟ್ ಕಂಡ್ರೆ ಆ ರೂಟ್ ಬಿಡಿ. ಬಂಡೆಯ ತೂತಲ್ಲಿ ಪೋಣಿಸಿಟ್ಟ ಬಿಸಿಲಿಗೆ ಬಣ್ಣ ಹೋದ ಹಗ್ಗದ ತುಂಡಿಗೂ ಭಾರ ಹಾಕ್ಬೇಡಿ.

ಪ್ರ ನಾಂಗ್ ಬೀಚಿನ ಗುಹೆಯಲ್ಲಿ ಮೀನುಗಾರರು ನಡ್ಕೊಳ್ಳುವ ದೇವಿಯ ಸ್ಥಾನ ಉಂಟು, ಹರಕೆಯಾಗಿ ಮರದ ಲಿಂಗಗಳನ್ನು ಇಡ್ತಾರೆ. ಅಲ್ಲಿ ನಗಾಡ್ತಾ ಸೆಲ್ಫಿ ತೆಗಿಯೋದು ಬೇಡ, ಭಕ್ತಿಯಿಂದ ಬಂದವರಿಗೆ ಜಾಗ ಬಿಡಿ.

ಮೇಲೆ ಮುಟ್ಟಿದಾಗ

ಹತ್ತುವಾಗ ಎಲ್ರೂ ಜಾಗ್ರತೆ ಇರ್ತಾರೆ, ರೂಟ್ ಮುಗಿದು ಖುಷಿಯಲ್ಲಿ ಇರುವಾಗ್ಲೇ ಅಪಾಯ. ಕ್ವಿಕ್‌ಡ್ರಾ ಬಿಚ್ಚಿಕೊಂಡು ಬರ್ಲಿಕ್ಕೆ ಮೇಲಿನ ರಿಂಗಿಗೆ ಹಗ್ಗ ಪೋಣಿಸ್ಬೇಕು ಅಲ್ವಾ, ಅದನ್ನು ಹೀಗೆ ಮಾಡಿ: ಮೊದಲು ಸ್ಲಿಂಗಿಂದ (ಗಟ್ಟಿ ಪಟ್ಟಿಯ ಕುಣಿಕೆ) ನಿಮ್ಮನ್ನು ಆಂಕರಿಗೆ, ಅಂದ್ರೆ ರೂಟಿನ ತುದಿಯ ಬೋಲ್ಟ್ ರಿಂಗುಗಳಿಗೆ, ಲಾಕ್ ಮಾಡಿ, ಭಾರ ಹಾಕಿ ನೋಡಿ. ಸ್ವಲ್ಪ ಸಡಿಲ ಹಗ್ಗ ಕೇಳಿ, ಅದನ್ನು ಮಡಚಿ ರಿಂಗಿನ ಒಳಗಿಂದ ತೂರಿಸಿ, ಮಡಿಕೆಗೇ ಫಿಗರ್ ಎಯ್ಟ್ ಹಾಕಿ ಲಾಕಿಂಗ್ ಕ್ಯಾರಬಿನರಲ್ಲಿ (ಬೀಗ ಇರುವ ಲೋಹದ ಕೊಕ್ಕೆ) ಹಾರ್ನೆಸ್ಸಿನ ಎದುರಿನ ಬಿಲೇ ಲೂಪಿಗೆ ಸಿಕ್ಕಿಸಿ. ಆಮೇಲೆ ಮಾತ್ರ ಹಳೇ ಗಂಟು ಬಿಚ್ಚಿ, ಅದರ ಬಾಲ ರಿಂಗಿಂದ ಹೊರಗೆ ಎಳೆಯಿರಿ. 'ಟೇಕ್' ಕೂಗಿ, ಹಗ್ಗ ಬಿಗಿಯಾಗಿ ನಿಮ್ಮ ಭಾರ ಹೊತ್ತಿದೆ ಅಂತ ಗೊತ್ತಾದ ಮೇಲೆ ಸ್ಲಿಂಗ್ ತೆಗೀರಿ. ಈ ಇಡೀ ಹೊತ್ತು ಕೆಳಗಿನವರು ಬಿಲೇ ಬಿಡ್ಲೇಬಾರ್ದು. ಮತ್ತೆ, ಕೆಳಗಿನವರ ಬದಿಯ ಹಗ್ಗದ ತುದಿಗೆ ಹತ್ತುವ ಮೊದಲೇ ಗಂಟು ಹಾಕಿಡಿ, ರೂಟ್ ಉದ್ದವಾಗಿ ಹಗ್ಗ ಸಾಲದೆ ತುದಿ ಡಿವೈಸಿಂದ ಜಾರಿ ಹೋದ್ರೆ ಹತ್ತಿದವರು ಸೀದಾ ನೆಲಕ್ಕೆ. ನೆಲದಲ್ಲಿ ನಿಂತು ಇಷ್ಟನ್ನೂ ಊರಲ್ಲೇ ಮರದ ಕೊಂಬೆಗೆ ಹಗ್ಗ ಹಾಕಿ ಕಲ್ತುಕೊಳ್ಳಿ.

ಬೌಲ್ಡರಿಂಗೇ ಬೇಕು ಅನ್ನೋರಿಗೆ

ರೈಲೇ ಹಗ್ಗದ ಜಾಗ. ಗ್ರೂಪಲ್ಲಿ ಬೌಲ್ಡರಿಂಗ್ ಹುಚ್ಚಿನವರೇ ಹೆಚ್ಚಿದ್ರೆ ದುಡ್ಡು ಕೂಡಿಸಿ ಫ್ರಾನ್ಸಿನ ಫಾಂಟೆನ್‌ಬ್ಲೋಗೆ ಹೋಗಿ, ಪ್ಯಾರಿಸಿಂದ ಸುಮಾರು 60 ಕಿ.ಮೀ. ದಕ್ಷಿಣಕ್ಕೆ ಕಾಡಿನೊಳಗೆ ಮರಳುಗಲ್ಲಿನ ಬಂಡೆಗಳು, ಬಣ್ಣದ ಗುರುತು ಹಾಕಿದ ಸರ್ಕಿಟ್‌ಗಳು, ಅಂದ್ರೆ ಒಂದಾದ ಮೇಲೊಂದು ಹತ್ತುವ ಬಂಡೆ ಸಾಲುಗಳು, ಹಳದಿ ಸುಲಭ, ಆಮೇಲೆ ಕಿತ್ತಳೆ, ನೀಲಿ, ಕೆಂಪು ಅಂತ ಕಷ್ಟ ಏರ್ತಾ ಹೋಗ್ತದೆ. ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಬೇಕು, ಅರ್ಜಿಯನ್ನು ಆರು ತಿಂಗಳು ಮುಂಚಿಂದ ಹಾಕಬಹುದು. ಮಳೆ ಬಂದ ಮೇಲೆ ಕಲ್ಲು ಪೂರ್ತಿ ಒಣಗದೆ ಹತ್ತಬಾರ್ದು, ಒದ್ದೆ ಮರಳುಗಲ್ಲಿನ ಹಿಡಿಕೆ ಮುರಿದು ಬರ್ತದೆ, ಮುರಿದದ್ದು ಮತ್ತೆ ಯಾರಿಗೂ ಸಿಗೋದಿಲ್ಲ. ಕೆಳಗೆ ನಿಂತವರು ಬೀಳುವವರನ್ನು ಎತ್ಕೊಳ್ಳುವ ಸಾಹಸ ಮಾಡ್ಬೇಡಿ, ಸೊಂಟಕ್ಕೆ ಕೈ ಕೊಟ್ಟು ಪ್ಯಾಡಿನ ಮೇಲೆ ಬೀಳುವ ಹಾಗೆ ತಿರುಗಿಸಿ, ತಲೆ ಕಲ್ಲಿಗೆ ತಾಗದ ಹಾಗೆ ನೋಡಿ, ಅಷ್ಟು ಸಾಕು.

ವಾಪಸ್ ಬಂದ ಮೇಲೆ

ರೈಲೇಯಿಂದ ಬಂದ ಹಗ್ಗದಲ್ಲಿ ಉಪ್ಪು, ಮರಳು ಎರಡೂ ಇರ್ತದೆ. ಬಕೆಟಿಗೆ ಬಾವಿ ನೀರು ಹಾಕಿ ಮುಳುಗಿಸಿ, ಸೋಪು ಪುಡಿ ಬೇಡ, ನೀರು ತಿಳಿ ಆಗುವ ತನಕ ಜಾಲಾಡಿ, ನೆರಳಲ್ಲಿ ಸಡಿಲವಾಗಿ ಹರಡಿ ಒಣಗಿಸಿ, ಅಂಗಳದ ಬಿಸಿಲಿಗೆ ಹಾಕ್ಬೇಡಿ. ಕ್ಯಾರಬಿನರ್‌ಗಳನ್ನೂ ಸಿಹಿ ನೀರಲ್ಲಿ ತೊಳೆದು, ಗೇಟ್ ಸಲೀಸಾಗಿ ಮುಚ್ಚಿಕೊಳ್ತದಾ ಅಂತ ಒಂದೊಂದಾಗಿ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಅಟ್ಟದಲ್ಲಿ ಇಟ್ಟ ಹಾರ್ನೆಸ್ಸಿಗೆ ಬೂಸರು ಬರ್ತದೆ, ಹಗ್ಗ, ಹಾರ್ನೆಸ್ ಎರಡನ್ನೂ ಗಾಳಿಯಾಡುವ ಕೋಣೆಯಲ್ಲಿ ಗೋಡೆಗೆ ತೂಗುಹಾಕಿ, ಇನ್ವರ್ಟರ್ ಬ್ಯಾಟರಿ ಇರುವ ಕೋಣೆ ಮಾತ್ರ ಬೇಡ, ಆಸಿಡ್ ಹನಿ ಅಥವಾ ಹಬೆ ತಾಗಿದ ನೈಲಾನ್ ನೋಡ್ಲಿಕ್ಕೆ ಸರಿಯಿದ್ರೂ ಒಳಗೆ ಸತ್ತಿರ್ತದೆ. ಹಾಗೆ ತಾಗಿದೆ ಅಂತ ಅನುಮಾನ ಬಂದ್ರೂ ಆ ಹಗ್ಗ ಕತ್ತರಿಸಿ ಬಟ್ಟೆ ಒಣಗಿಸ್ಲಿಕ್ಕೆ ಕಟ್ಟಿ.