ಟೆಸ್ಟೋಸ್ಟಿರಾನ್ ಕಡಿಮೆ ಬಂತಾ? ಮೊದಲು ಸೊಂಟ ಅಳೆಯಿರಿ

ನನ್ನ ಮೊದಲ ರಿಪೋರ್ಟಿನಲ್ಲಿ ಗಂಡಸರ ಮುಖ್ಯ ಹಾರ್ಮೋನಾದ ಟೆಸ್ಟೋಸ್ಟಿರಾನ್ 248 (ng/dL ಲೆಕ್ಕದಲ್ಲಿ) ಅಂತ ಬಂದಾಗ ನನಗೆ 28 ವರ್ಷ. ಬೆಂಗಳೂರಿನಲ್ಲಿ ಸೆಕೆಂಡ್ ಶಿಫ್ಟ್ ಕೆಲಸ, ಪಿ.ಜಿ. ಊಟ. ತೂಕ 89 ಕೆ.ಜಿ., ಸೊಂಟ 101 ಸೆಂ.ಮೀ. ಯಾವಾಗಲೂ ಸುಸ್ತು. ಜಿಮ್ಮಿನ ಗೆಳೆಯ "ಇಂಜೆಕ್ಷನ್ ತಗೋ ಮಗಾ" ಅಂದ. ಪುಣ್ಯಕ್ಕೆ ಮೊದಲು ಡಾಕ್ಟರ ಹತ್ತಿರ ಹೋದೆ.

ಅವರು ಕೇಳಿದ್ದು ಒಂದೇ ಮಾತು: "ರಕ್ತ ಎಷ್ಟು ಗಂಟೆಗೆ ಕೊಟ್ರಿ?"

ಮಧ್ಯಾಹ್ನ ಮೂರಕ್ಕೆ, ಹೊಟ್ಟೆ ತುಂಬ ಬಿರಿಯಾನಿ ತಿಂದು! ಲ್ಯಾಬಿನವರೂ ಏನೂ ಹೇಳಿರಲಿಲ್ಲ. ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ, ಊಟ ಮಾಡಿದ ಮೇಲೂ ಇಳಿಯುತ್ತದೆ. ಹಾಗಾಗಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಬೇರೆ ಬೇರೆ ದಿನ ಎರಡು ಸಲ. ಹಾಗೆ ಮಾಡಿಸಿದಾಗ ನನ್ನದು 312, 321 ಬಂತು. ಸಾಮಾನ್ಯವಾಗಿ 300ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ. ಅಂದರೆ ನಾನು ಬೇಲಿ ಮೇಲೆ ಕೂತಿದ್ದೆ.

"ಹೊಟ್ಟೆ ಇಳಿಸಿ" ಅಂದರು ಡಾಕ್ಟರು. ಕೊಬ್ಬಿನಲ್ಲಿರುವ ಅರೋಮಟೇಸ್ ಅನ್ನೋ ಕಿಣ್ವ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ ಮಾಡಿಬಿಡುತ್ತದೆ. ನಮ್ಮ ಕಡೆಯ ಗಂಡಸರಿಗೆ ಸೊಂಟ 90 ಸೆಂ.ಮೀ. ದಾಟಿದರೇ ಎಚ್ಚರಿಕೆ ಅಂತೆ. ಟೇಪನ್ನು ಹೊಕ್ಕುಳ ಹತ್ತಿರ ಸುತ್ತಿ ನೋಡಿ, ಪ್ಯಾಂಟಿನ ಸೈಜ್ ನಂಬಬೇಡಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮೂರು ವಾರ ತುಪ್ಪ, ಎಣ್ಣೆ, ಅನ್ನ ಎಲ್ಲ ಬಿಟ್ಟು ಸೌತೆಕಾಯಿ, ಮಜ್ಜಿಗೆಯಲ್ಲೇ ಕಾಲ ಹಾಕಿದೆ. ಇನ್ನೂ ಸುಸ್ತಾದೆ. ದೇಹಕ್ಕೆ ಊಟ ತೀರಾ ಕಡಿಮೆಯಾದರೆ ಈ ಹಾರ್ಮೋನ್ ತಯಾರಿಯೂ ಕುಂಠಿತವಾಗುತ್ತದೆ. ಕೊಬ್ಬು ಪೂರ್ತಿ ಬಿಡುವುದೂ ಒಳ್ಳೆಯದಲ್ಲ. ಊರಿಗೆ ಹೋದಾಗ ಅಮ್ಮ ಬೈದು, ಮುದ್ದೆ ಸಾರಿಗೆ ಒಂದು ಚಮಚ ತುಪ್ಪ ಹಾಕಿದಳು. ಅದನ್ನೇ ಉಳಿಸಿಕೊಂಡೆ. ಬಿಟ್ಟದ್ದು ಬೇರೆ: ದಿನಕ್ಕೆ ನಾಲ್ಕು ಸಕ್ಕರೆ ಕಾಫಿ, ಶಿಫ್ಟಿನ ಮಧ್ಯೆ ಕೂಲ್‌ಡ್ರಿಂಕ್, ಸಂಜೆಯ ಬೇಕರಿ ಪಫ್, ವಾರಾಂತ್ಯದ ಬಿಯರ್.

ಬೆಳಿಗ್ಗೆ ಪೂರಿ ಬದಲು ಎರಡು ಮೊಟ್ಟೆ, ಹೆಸರುಕಾಳು ಉಸಲಿ. ಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತೇನೆ. ಅದಕ್ಕೆ ಕಾರಣ ಸತು, ಅಂದರೆ ಝಿಂಕ್. ಅದರ ಕೊರತೆಯಾದರೆ ಟೆಸ್ಟೋಸ್ಟಿರಾನ್ ಇಳಿಯುತ್ತದೆ. ಗಂಡಸಿಗೆ ದಿನಕ್ಕೆ 17 ಮಿ.ಗ್ರಾಂ. ಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ಕಾಳು, ಧಾನ್ಯಗಳಲ್ಲಿ ಸತು ಇದ್ದರೂ ಫೈಟೇಟ್ ಅನ್ನೋ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿದರೆ, ಮೊಳಕೆ ಬರಿಸಿದರೆ, ಇಡ್ಲಿ ಹಿಟ್ಟಿನ ಹಾಗೆ ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಅಜ್ಜಿಯಂದಿರಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು ಅಲ್ವಾ? ಮಾಂಸ ತಿನ್ನುವವರಿಗೆ ಸತು ಸುಲಭವಾಗಿ ಸಿಗುತ್ತದೆ. ತಿನ್ನದವರು ಎಳ್ಳಿನ ಚಟ್ನಿ, ಕುಂಬಳಕಾಯಿ ಬೀಜ ಇಟ್ಟುಕೊಳ್ಳಿ. ಕೊರತೆ ಇಲ್ಲದಿದ್ದರೆ ಸುಮ್ನೆ ಝಿಂಕ್ ಮಾತ್ರೆ ನುಂಗಬೇಡಿ. ಜಾಸ್ತಿಯಾದರೆ ತಾಮ್ರದ ಕೊರತೆ ಬರುತ್ತದೆ.

ಮೀಲ್ ಮೇಕರ್ ತಿಂದರೆ ಗಂಡಸುತನ ಹೋಗುತ್ತೆ ಅನ್ನೋದು ಸುಳ್ಳು. ಮಾಮೂಲಿ ಪ್ರಮಾಣದಲ್ಲಿ ಸೋಯಾ ತಿಂದರೆ ಏನೂ ಆಗುವುದಿಲ್ಲ.

ನಿದ್ದೆ ಊಟದ ವಿಷಯ ಅಲ್ಲ, ಆದರೂ ಬಿಡುವ ಹಾಗಿಲ್ಲ. 2011ರಲ್ಲಿ ಷಿಕಾಗೋದಲ್ಲಿ 10 ಯುವಕರನ್ನು ಒಂದು ವಾರ ಐದು ತಾಸಷ್ಟೇ ಮಲಗಿಸಿದಾಗ, ಹಗಲಿನ ಟೆಸ್ಟೋಸ್ಟಿರಾನ್ ಶೇ. 10ರಿಂದ 15ರಷ್ಟು ಇಳಿದಿತ್ತು.

ಏಳು ತಿಂಗಳಾದ ಮೇಲೆ ತೂಕ 80, ರಿಪೋರ್ಟು 437. ಯಾವುದರಿಂದ ಎಷ್ಟು ಏರಿತು ಅಂತ ಬಿಡಿಸಿ ಹೇಳಲು ನನ್ನಿಂದಾಗದು.

ಇಂಜೆಕ್ಷನ್ ಅಂದ ಗೆಳೆಯನಿಗೂ ಒಂದು ಮಾತು ಹೇಳಿದೆ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಗಳಿಗೆ ಸೂಚನೆ ಕಳಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಮಕ್ಕಳು ಬೇಕು ಅನ್ನುವವರು ಡಾಕ್ಟರ ಹತ್ತಿರ ಇದನ್ನು ಮೊದಲೇ ಹೇಳಿ. ಎರಡೂ ಬೆಳಗಿನ ರಿಪೋರ್ಟು 300ರ ಕೆಳಗಿದ್ದರೆ, ಎದೆ ಊದಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ಉಸಲಿ ತಿನ್ನುತ್ತಾ ಕಾಯಬೇಡಿ. ಹಾರ್ಮೋನ್ ತಜ್ಞರನ್ನು ಅದೇ ವಾರ ನೋಡಿ.